ಕ್ಯಾಲಿಪರ್ ಹಿಡಿದುಕೊಂಡರೆ ಇಕ್ಕಳ ಮುಟ್ಟಬೇಡಿ

ಹಳೇ ಬೈಕು ಕೊಳ್ಳಲು ಹೋದವರೆಲ್ಲ ಎಂಜಿನ್ ಸದ್ದಿಗೆ ಕಿವಿಗೊಡುತ್ತಾರೆ. ಮುಂದಿನ ಚಕ್ರ ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಕೈಯಲ್ಲಿ ತಿರುಗಿಸಿ ನೋಡುವವರು ಅಪರೂಪ. 1999ರ ಹೀರೋ ಹೋಂಡಾ ಸಿಬಿಝಡ್, 2001ರ ಪಲ್ಸರ್ 180 ಮುಂತಾದ ಗಾಡಿಗಳು ಡಿಸ್ಕ್ ಬ್ರೇಕಿನ ರುಚಿ ಹತ್ತಿಸಿದವು. ಅವುಗಳಿಗೀಗ ಇಪ್ಪತ್ತೈದರ ಆಸುಪಾಸು. ಕರಾವಳಿಯ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಯಾದರೆ ಕ್ಯಾಲಿಪರ್ ಜಾಮ್ ಆಗಿದ್ದರೆ ಆಶ್ಚರ್ಯವಿಲ್ಲ.

ಮೊದಲು ರೋಗ ಎಲ್ಲಿದೆ ಎಂದು ತಿಳಿಯಬೇಕು. ಚಕ್ರ ಬಿಗಿದಿರುವಾಗಲೇ ಬ್ಲೀಡ್ ನಿಪ್ಪಲ್ ಸಡಿಲಿಸಿ. ತಟ್ಟನೆ ಚಕ್ರ ಬಿಟ್ಟುಕೊಂಡರೆ ಕ್ಯಾಲಿಪರ್ ನಿರಪರಾಧಿ. ಒತ್ತಡ ಹಿಡಿದಿಟ್ಟಿರುವುದು ಮೇಲಿನ ಮಾಸ್ಟರ್ ಸಿಲಿಂಡರ್ ಅಥವಾ ಒಳಗೇ ಊದಿಕೊಂಡ ಹೋಸ್. ಆಗಲೂ ಬಿಗಿದೇ ಇದ್ದರೆ ಪಿಸ್ಟನ್ನೋ ಸ್ಲೈಡ್ ಪಿನ್ನೋ ಹಿಡಿದುಕೊಂಡಿದೆ.

ಪಿಸ್ಟನ್ ಹಿಡಿಯುವುದು ತುಕ್ಕಿನಿಂದ ಮಾತ್ರವಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಸೀಲ್ ಕೂರುವ ಗ್ರೂವಿನಲ್ಲಿ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಗಟ್ಟಿಕಟ್ಟುತ್ತದೆ, ರಬ್ಬರನ್ನು ಪಿಸ್ಟನ್ನಿನ ಮೇಲೆ ಒತ್ತುತ್ತದೆ. ಲಿವರ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆಳೆಯುವುದು ಇದೇ ಚೌಕ ಅಂಚಿನ ಸೀಲ್. ಅದಕ್ಕೆ ಹೊರಳಲು ಜಾಗವಿಲ್ಲದಿದ್ದರೆ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ಕ್ಯಾಲಿಪರ್ ಬಿಚ್ಚಿ, ಹೋಸ್ ಕಿತ್ತು, ಇಕ್ಕಳದಲ್ಲಿ ಪಿಸ್ಟನ್ ಎಳೆಯುವುದು ಸಾಮಾನ್ಯ ಪದ್ಧತಿ. ಇದು ತಿರುಗುಮುರುಗು ಕೆಲಸ. ಇಕ್ಕಳದ ಹಲ್ಲು ಪಿಸ್ಟನ್ನಿನ ಕ್ರೋಮಿಗೆ ಗೀರು ಹಾಕಿದರೆ ಹೊಸ ಸೀಲೂ ಸೋರುತ್ತದೆ. ಪಿಸ್ಟನ್ ಹೊರಹಾಕಲು ಬ್ರೇಕಿನ ಸ್ವಂತ ಒತ್ತಡಕ್ಕಿಂತ ಒಳ್ಳೆಯ ಆಯುಧವಿಲ್ಲ. ಆದ್ದರಿಂದ ಹೋಸ್ ಬಿಚ್ಚಬೇಡಿ. ಕ್ಯಾಲಿಪರ್ ಇನ್ನೂ ಫೋರ್ಕಿನಲ್ಲಿ ಭದ್ರವಾಗಿರುವಾಗಲೇ ಪ್ಯಾಡ್ ಪಿನ್ ಮತ್ತು ಹೋಸ್ ಬೋಲ್ಟಿನ ಬಿಗಿ ಒಮ್ಮೆ ಬಿಡಿಸಿ, ಹೋಸ್ ಬೋಲ್ಟನ್ನು ಮತ್ತೆ ಬಿಗಿ ಮಾಡಿ. ಅನಂತರ ಕ್ಯಾಲಿಪರ್ ಇಳಿಸಿ, ಪ್ಯಾಡ್ ತೆಗೆದು, ಕೆಳಗೊಂದು ತಟ್ಟೆಯಿಟ್ಟು, ಆಯಿಲ್ ತುಂಬುತ್ತಾ ಲಿವರ್ ಒತ್ತುತ್ತಾ ಹೋಗಿ. ಎರಡು ಪಿಸ್ಟನ್ನಿದ್ದರೆ ಮೊದಲು ಸಲೀಸಾಗಿ ಬರುವುದನ್ನು ಮರದ ತುಂಡಿನಿಂದ ತಡೆದು ಹಿಡಿಯಿರಿ. ಮಾಸ್ಟರ್ ಸಿಲಿಂಡರ್ ಕೆಟ್ಟಿದ್ದರೆ ಹೋಸ್ ಬೋಲ್ಟಿನ ತೂತಿಗೆ ಅಡಾಪ್ಟರ್ ಹಾಕಿ ಗ್ರೀಸ್ ಗನ್ ಒತ್ತಿ. ಬಳಿಕ ಗ್ರೀಸನ್ನು ಚೂರೂ ಉಳಿಯದಂತೆ ತೊಳೆಯಿರಿ. ಕಂಪ್ರೆಸರ್ ಗಾಳಿ ಬೇಡವೇ ಬೇಡ: ಬಿಟ್ಟುಕೊಂಡ ಪಿಸ್ಟನ್ ಬೆರಳು ಜಜ್ಜುತ್ತದೆ.

ಬ್ಲೀಡ್ ನಿಪ್ಪಲ್ಲಿನ ಒಳಗೆ ಟೊಳ್ಳು, ಹಾಗಾಗಿ ಮುರಿಯುವುದು ಸುಲಭ. ಓಪನ್ ಸ್ಪ್ಯಾನರ್ ಬಿಟ್ಟು ಆರು ಮೂಲೆಯ ಸಾಕೆಟ್ ಹಾಕಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಅದನ್ನು ಚೆನ್ನಾಗಿ ಒರೆಸಿ ಹೀಟ್ ಗನ್ನಿನಿಂದ ಸುತ್ತಲಿನ ಅಲ್ಯೂಮಿನಿಯಂ ಕಾಯಿಸಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಥ್ರೆಡ್ಡಿನ ಹಿಡಿತ ಸಡಿಲುತ್ತದೆ. ಮೊದಲು ಬಿಗಿಯುವ ಕಡೆಗೆ ಎಳ್ಳಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಕಿರ್ ಎಂಬ ಸಣ್ಣ ಸದ್ದು ಬಂತೆಂದರೆ ಗೆದ್ದಂತೆ.

ಬಿಚ್ಚಿದ್ದಷ್ಟೇ ರಿಪೇರಿಯಲ್ಲ. ಗ್ರೂವಿನ ಬಿಳಿ ಪುಡಿಯನ್ನು ಹಿತ್ತಾಳೆ ಕಡ್ಡಿಯಿಂದ ಕೆರೆದು ತೆಗೆಯದೆ ಹೊಸ ಸೀಲ್ ಕೂರಿಸಿದರೆ ಮುಂದಿನ ಮಳೆಗಾಲಕ್ಕೆ ಅದೇ ಕತೆ. ಸೀಲ್ ಕೂರುವ ಜಾಗದಲ್ಲಿ ಗುಳಿ ಬಿದ್ದ ಪಿಸ್ಟನ್ನನ್ನು ಮರಳುಕಾಗದದಲ್ಲಿ ಉಜ್ಜಿ ಉಳಿಸಲು ಹೋಗಬೇಡಿ, ಗುಜರಿಗೆ ಹಾಕಿ. ಸೀಲ್ ಜೋಡಿಸುವಾಗ ಹೊಸ ಬ್ರೇಕ್ ಆಯಿಲ್ ಸವರಿ. ಸ್ಲೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸ್. ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ತಾಗಿದರೆ ರಬ್ಬರ್ ಊದುತ್ತದೆ.

ಇಷ್ಟೆಲ್ಲ ಒದ್ದಾಟದ ಮೂಲ ಹಳೇ ಆಯಿಲ್. ಡಾಟ್ 4 ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ಗಾಡಿ ಓಡಿಸಿದರೂ ಸರಿ, ನಿಲ್ಲಿಸಿದರೂ ಸರಿ.