ಮಕ್ಕಳ ಪಾಲು, ತಾಯಿಯ ಸಹಿ

ಹೆತ್ತವರ ಹಕ್ಕು, ಹೊಣೆಗಳ ಮಾತು ಪಟ್ಟಣಗಳಲ್ಲಿ ವಿಚ್ಛೇದನದ ಜಗಳದಿಂದ ಹುಟ್ಟುತ್ತದೆ. ರೋಣ ತಾಲೂಕಿನ ಅಬ್ಬಿಗೇರಿಯಂಥ ಊರಿನಲ್ಲಿ ಹೊಲದ ಉತಾರದಿಂದ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯನ್ನು ಎರೆಹೊಲದ ಬದುವಿನಲ್ಲಿ ನಿಂತು ಓದಬೇಕು. ಅದರ ಒಳ್ಳೆಯ ಗುಣವೂ ಓರೆಗಣ್ಣೂ ಅಲ್ಲಿಂದ ಚೆನ್ನಾಗಿ ಕಾಣುತ್ತವೆ.

ಗುಣ 8ನೇ ಕಲಮಿನಲ್ಲಿದೆ. ಮೈನರ್ ಮಕ್ಕಳ ಹೊಲಮನೆಯನ್ನು ಹೆತ್ತವರು ನ್ಯಾಯಾಲಯದ ಅನುಮತಿ ಇಲ್ಲದೆ ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ. ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಲಾವಣಿ ಹಾಕುವುದಕ್ಕೂ ಅನುಮತಿ ಬೇಕು. ಹಿಂದೆ ಇದಕ್ಕೆಲ್ಲ 1856ರ ಪ್ರಿವಿ ಕೌನ್ಸಿಲ್ ತೀರ್ಪು ಆಧಾರವಾಗಿತ್ತು. ನಿಜವಾಗಿ ಅಗತ್ಯ ಇದೆಯೇ ಎಂದು ಸಾಲ ಕೊಡುವವನು ವಿಚಾರಿಸಿಕೊಂಡರೆ ಸಾಕಿತ್ತು. ಸಾಹುಕಾರನ ಮನಸ್ಸಾಕ್ಷಿಗೆ ಕೂಸಿನ ಹೊಲ ಒಪ್ಪಿಸುವುದಕ್ಕಿಂತ ನ್ಯಾಯಾಲಯದ ಕಾವಲು ಎಷ್ಟೋ ವಾಸಿ.

ಈ ಕಲಮಿಗೆ ಹಲ್ಲಿದೆ ಎಂಬುದನ್ನು ದಾವಣಗೆರೆಯ ಶಾಮನೂರಿನ ಪ್ರಕರಣ ತೋರಿಸಿತು. 1971ರಲ್ಲಿ ತಂದೆಯೊಬ್ಬ ಮೂವರು ಮೈನರ್ ಗಂಡುಮಕ್ಕಳ ಹೆಸರಿನಲ್ಲಿ ನಿವೇಶನ ಕೊಂಡು, ಆಮೇಲೆ ಅನುಮತಿ ಇಲ್ಲದೆ ಮಾರಿಬಿಟ್ಟ. ಮಕ್ಕಳು ಪ್ರಾಯಕ್ಕೆ ಬಂದು ಅದೇ ಜಾಗವನ್ನು ಬೇರೊಬ್ಬರಿಗೆ ಮಾರಿದರು. ತಂದೆಯ ಮಾರಾಟ ರದ್ದು ಮಾಡಿ ಎಂದು ಮಕ್ಕಳು ದಾವೆ ಹೂಡಲೇಬೇಕಿಲ್ಲ, ಅವರ ನಡೆಯೇ ನಿರಾಕರಣೆಯಾಗಬಹುದು ಎಂದು 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿಯಾದ ತೀರ್ಪು. ಆದರೆ ಮಧ್ಯೆ ದುಡ್ಡು ಕೊಟ್ಟು ಕೊಂಡವರ ಪಾಡು ನೋಡಿ: ಖರೀದಿಯ ದಿನವೇ ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿದ್ದ ವ್ಯಾಜ್ಯ ದೆಹಲಿಯವರೆಗೆ ಹೋಯಿತು.

ನನ್ನ ತಕರಾರು ಈ ಕಾವಲು ಯಾರನ್ನು ತಡೆಯುತ್ತದೆ ಎಂಬುದರ ಬಗ್ಗೆ. ಸ್ವಂತ ದುಡಿಮೆಯಲ್ಲಿ ನಾಲ್ಕು ಎಕರೆ ಕೊಂಡಿದ್ದ ರೈತ ತೀರಿಕೊಂಡ ಎನ್ನಿ. ವಾರಸಾ ಆಗಿ ಹೆಂಡತಿ, ಮಕ್ಕಳ ಹೆಸರು ಉತಾರಕ್ಕೆ ಏರುತ್ತದೆ. ಹೆಸರಿನ ಬೆಳೆ ಕೈಕೊಟ್ಟು, ಉಳ್ಳಾಗಡ್ಡಿಗೆ ದರ ಬಿದ್ದ ವರ್ಷ ಆಕೆ ಮಕ್ಕಳ ಪಾಲನ್ನು ಒತ್ತೆ ಇಟ್ಟು ಸಾಲ ಎತ್ತಬೇಕೆಂದರೆ ವಕೀಲರನ್ನು ಹಿಡಿದು ಗದಗಿನ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಪಕ್ಕದ ಹೊಲದವನದು ಹಿರಿಯರಿಂದ ಬಂದ, ವಾಟ್ನಿ ಆಗದ ಜಮೀನು. ಅದರಲ್ಲಿ ಅವನ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ಪಾಲುಂಟು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಈ ಹಕ್ಕು 1994ರಲ್ಲೇ ಬಂತು. ಆದರೂ ಮನೆಯ ಯಜಮಾನನಾಗಿ ಅವನು ಕುಟುಂಬದ ಅಗತ್ಯವೆಂದು ಬರೆಸಿ ಮಾರಿದರೆ ಯಾವ ನ್ಯಾಯಾಧೀಶರ ಅನುಮತಿಯೂ ಬೇಡ. ಅವಿಭಕ್ತ ಪಾಲಿಗೆ 8ನೇ ಕಲಂ ಅನ್ವಯಿಸದು ಎಂದು 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳು ಮುಂದೆ ಪ್ರಶ್ನಿಸಬಹುದು, ನಿಜ. ಅಷ್ಟರಲ್ಲಿ ಹೊಲ ಕೈಬಿಟ್ಟಿರುತ್ತದೆ. ದುಡ್ಡು ಎಲ್ಲಿ ಹೋಯಿತೆಂದು ಊರಿಗೆಲ್ಲ ಗೊತ್ತಿರುತ್ತದೆ, ಸಾಕ್ಷಿ ಹೇಳುವವರು ಮಾತ್ರ ಸಿಗುವುದಿಲ್ಲ.

ಅಂದರೆ ಗಂಡ ಸತ್ತ ಹೆಂಗಸಿಗೆ ಬಿಗಿ, ಬದುಕಿರುವ ಗಂಡಸಿಗೆ ಸಡಿಲ.

ಇದೇ ಓರೆಗಣ್ಣು 6ನೇ ಕಲಮಿನಲ್ಲೂ ಇದೆ: ಮಕ್ಕಳ ಸಹಜ ಪಾಲಕ ತಂದೆ, ಅವನ ‘ನಂತರ’ ತಾಯಿ. ಮಗನ ಹೆಸರಿನ ಬಾಂಡಿಗೆ ತಂದೆಯ ಸಹಿ ತನ್ನಿ ಎಂದ ರಿಸರ್ವ್ ಬ್ಯಾಂಕಿನ ವಿರುದ್ಧ ಲೇಖಕಿ ಗೀತಾ ಹರಿಹರನ್ ಹೂಡಿದ ಮೊಕದ್ದಮೆಯಲ್ಲಿ, 1999ರಲ್ಲಿ, ಆ ‘ನಂತರ’ಕ್ಕೆ ‘ತಂದೆಯ ಗೈರಿನಲ್ಲಿ’ ಎಂಬ ಅರ್ಥವನ್ನು ಕೋರ್ಟ್ ಕೊಟ್ಟಿತು. ಗಂಡ ದುಡಿಯಲೆಂದು ಗೋವಾಕ್ಕೆ ಗುಳೆ ಹೋದ ಮನೆಯ ಹೆಂಗಸಿಗೆ ಇಷ್ಟಾದರೂ ಆಸರೆ. ಆದರೆ ಅವನು ಗೈರಾಗಿದ್ದಾನೆಂದು ಆಕೆಯೇ ತೋರಿಸಿಕೊಡಬೇಕು. ಇಬ್ಬರನ್ನೂ ಸಮಾನ ಪಾಲಕರೆನ್ನಿ ಎಂದು ಕಾನೂನು ಆಯೋಗ 1989ರಲ್ಲಿ ಹೇಳಿತು, 2015ರಲ್ಲಿ ಮತ್ತೆ ಹೇಳಿತು. ಕಲಮಿನ ಅಕ್ಷರ ಅಲುಗಿಲ್ಲ.

ಅನುಮತಿಯನ್ನೇ ತೆಗೆಯಿರಿ ಎಂಬುದು ನನ್ನ ವಾದವಲ್ಲ. ತೆಗೆದರೆ ಮೊದಲು ಕಣ್ಣು ಬೀಳುವುದು ವಿಧವೆಯ ಮಕ್ಕಳ ಹೊಲದ ಮೇಲೆಯೇ, ಅದೂ ಹೆಚ್ಚಾಗಿ ಭಾವ, ಮೈದುನರ ಕಣ್ಣು. ಇಂಥ ಅರ್ಜಿಗಳು ರೋಣದಲ್ಲೇ ತೀರ್ಮಾನವಾಗಲಿ. ಅಧೀನ ನ್ಯಾಯಾಧೀಶರಿಗೆ ಈ ಅಧಿಕಾರ ಕೊಡಲು ಪಾಲಕರು ಮತ್ತು ಪಾಲ್ಯರ ಕಾಯ್ದೆಯಲ್ಲಿ ಈಗಾಗಲೇ ಅವಕಾಶವಿದೆ, ಹೈಕೋರ್ಟಿನ ಆದೇಶ ಸಾಕು. ಯಜಮಾನ ತಂದೆಯನ್ನೂ ಅದೇ ಕಟಕಟೆಗೆ ಕರೆಯುವುದು ಮಾತ್ರ ಆದೇಶದಿಂದ ಆಗದು. ಅದಕ್ಕೆ ಸಂಸತ್ತು ಕಾಯ್ದೆಯನ್ನೇ ತಿದ್ದಬೇಕು.