ಇರ್ಲಿ ಬಿಡು

ಕೆಲವು ವರ್ಷಗಳ ಹಿಂದೆ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೆ. ಒಂದು ಗಂಟೆ ಹತ್ತು ನಿಮಿಷ. ಎರಡು ಭಾನುವಾರ ಕೂತು ಎಲ್ಲ ಟೈಪ್ ಮಾಡಿದೆ. ಫೋನಿನಲ್ಲಿ ಜಾಗ ಇರಲಿಲ್ಲ, ಆಡಿಯೋ ಡಿಲೀಟ್ ಮಾಡಿಬಿಟ್ಟೆ. ಅಕ್ಷರದಲ್ಲಿ ಎಲ್ಲ ಇದೆಯಲ್ಲ, ಇನ್ನೇನು ಬೇಕು ಅನ್ನೋ ಧೈರ್ಯ.

ಈ ಧೈರ್ಯ ನನ್ನೊಬ್ಬನದಲ್ಲ ಅಂತ ಆಮೇಲೆ ಗೊತ್ತಾಯ್ತು. ಜನರ ಬಾಯಿಂದಲೇ ಇತಿಹಾಸ ಕೇಳಿ ದಾಖಲಿಸುವ ಕೆಲಸವನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ನೆವಿನ್ಸ್ 1948ರಲ್ಲಿ ಶುರುಮಾಡಿದರು. ಅಲ್ಲಿ ಮಾತನ್ನು ಟೈಪ್ ಮಾಡಿಸಿ, ಹೇಳಿದವರಿಂದಲೇ ತಿದ್ದಿಸಿ, ಆ ಪ್ರತಿಯನ್ನೇ ಅಸಲು ದಾಖಲೆ ಅಂತ ಲೈಬ್ರರಿಯಲ್ಲಿಡುತ್ತಿದ್ದರು. ಆರಂಭದ ವರ್ಷಗಳಲ್ಲಿ ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಟೇಪಿಗೂ ದುಡ್ಡು ಬೇಕಲ್ಲ, ಅರ್ಥವಾಗುತ್ತೆ. ಆದರೆ ತಿದ್ದಲು ಕೂತ ಮನುಷ್ಯ ಬಾಯಿತಪ್ಪಿ ಬಂದದ್ದನ್ನೇ ಮೊದಲು ಹೊಡೆದುಹಾಕುತ್ತಾನೆ.

ತಪ್ಪಿನಲ್ಲೂ ಇತಿಹಾಸ ಇರುತ್ತೆ ಅಂತ ತೋರಿಸಿದವರು ಇಟಲಿಯ ಅಲೆಸ್ಸಾಂಡ್ರೊ ಪೊರ್ಟೆಲ್ಲಿ. ತೆರ್ನಿ ಊರಿನ ಉಕ್ಕಿನ ಕಾರ್ಖಾನೆಯ ಲುಯಿಜಿ ತ್ರಾಸ್ತುಲ್ಲಿ ಪೊಲೀಸರ ಕೈಯಲ್ಲಿ ಸತ್ತದ್ದು 1949ರಲ್ಲಿ, ನ್ಯಾಟೋ ವಿರೋಧಿ ಪ್ರತಿಭಟನೆಯ ದಿನ. ಅಲ್ಲಿನ ಅನೇಕ ಕಾರ್ಮಿಕರ ನೆನಪಿನಲ್ಲಿ ಮಾತ್ರ ಅವನು ಸತ್ತದ್ದು 1953ರಲ್ಲಿ, ಕಾರ್ಖಾನೆ ಸಾಮೂಹಿಕವಾಗಿ ಜನರನ್ನು ಕೆಲಸದಿಂದ ತೆಗೆದಾಗ. ಇಸವಿ ತಪ್ಪು. ಆದರೆ ಊರಿಗೆ ನೋವಾದದ್ದು ಎಲ್ಲಿ ಅಂತ ಆ ತಪ್ಪೇ ಹೇಳುತ್ತೆ.

ಈಗ ಇಂಥ ಸಂಗ್ರಹಗಳ ಎಷ್ಟೋ ಭಾಗ ನಮ್ಮ ಲ್ಯಾಪ್‌ಟಾಪಿಗೇ ಬರುತ್ತೆ. ಕ್ಯಾಟಲಾಗಿನಲ್ಲಿ ದೊಡ್ಡವರ ಹೆಸರು ಹಾಕಿದರೆ ದೊಡ್ಡವರೇ ಸಿಗುತ್ತಾರೆ. ಊರು, ಕಸುಬು, ಘಟನೆ ಹಾಕಿ ನೋಡಿ. ಸಿಕ್ಕಮೇಲೆ ಮಾತು ಯಾವ ವರ್ಷದ್ದು, ಪ್ರಶ್ನೆ ಕೇಳಿದವರು ಯಾರು, ಪ್ರತಿ ತಿದ್ದಿದ್ದೋ ಅಲ್ಲವೋ, ವಿಚಾರಿಸಿ. ಟೈಪ್ ಪ್ರತಿಯಲ್ಲಿ ಬೇಕಾದ ಜಾಗ ಗುರುತು ಮಾಡ್ಕೊಳ್ಳಿ. ಆಡಿಯೋ ಇದ್ದರೆ ಅಲ್ಲಿಗೆ ಹೋಗಿ ಕೇಳಿ. ಪುಟ ಹುಡುಕೋಕೆ ಅನುಕೂಲ, ಅಷ್ಟೆ. ಅದನ್ನಷ್ಟೇ ಓದಿ ಎಲ್ಲ ತಿಳಿಯಿತು ಅಂದ್ಕೊಳ್ಳಬೇಡಿ.

ಅಜ್ಜಿ ಈಗಿಲ್ಲ. ನನ್ನ ಫೈಲಿನಲ್ಲಿ ಒಂದು ಸಾಲಿದೆ: "ಮದ್ವೆ ಗೊತ್ತಾಯ್ತು ಅಂತ ಸ್ಕೂಲ್ ಬಿಡ್ಸಿದ್ರು. ಇರ್ಲಿ ಬಿಡು."

ಆ "ಇರ್ಲಿ ಬಿಡು" ಅನ್ನೋವಾಗ ಅಜ್ಜಿ ನಕ್ಕಿದ್ಲಾ, ದನಿ ಇಳಿಸಿದ್ಲಾ? ಎಷ್ಟು ಸಲ ಓದಿದರೂ ನನಗೆ ಗೊತ್ತಾಗುತ್ತಿಲ್ಲ.