ಹೊನ್ನಿನ ಕೋಟೆಯ ಒದ್ದೆ ಗೋಡೆ

ಜೈಸಲ್ಮೇರಿನ ಬಗ್ಗೆ ಬರೆಯುವವರೆಲ್ಲ ಅದರ ಬಣ್ಣದಿಂದಲೇ ಶುರುಮಾಡುತ್ತಾರೆ. ಹಳದಿ ಮರಳುಗಲ್ಲು, ಇಳಿಬಿಸಿಲು, ಹೊನ್ನಿನ ಕೋಟೆ. ಸತ್ಯಜಿತ್ ರಾಯ್ 1974ರಲ್ಲಿ ‘ಸೋನಾರ್ ಕೆಲ್ಲಾ’ ತೆಗೆದ ಮೇಲಂತೂ ಈ ಮಾತು ಇನ್ನಷ್ಟು ಗಟ್ಟಿಯಾಯಿತು. ನಾನೂ ಆ ಹೊನ್ನನ್ನೇ ನೋಡಲು ಹೋದವನು. ಎರಡು ದಿನ ಸುತ್ತಿದ ಮೇಲೆ, ಬಣ್ಣದ ಈ ಹೊಗಳಿಕೆಯಿಂದ ಆ ಊರಿಗೆ ಉಪಕಾರವೇನೂ ಆಗಿಲ್ಲ ಎನ್ನಿಸಿತು.

ಪಟವಾ ಹವೇಲಿಗಳನ್ನೇ ತೆಗೆದುಕೊಳ್ಳಿ. ಗುಮಾನ್ ಚಂದ್ ಪಟವಾ ಎಂಬ ವರ್ತಕ ತನ್ನ ಐವರು ಗಂಡುಮಕ್ಕಳಿಗಾಗಿ 1805ರಲ್ಲಿ ಕಟ್ಟಿಸತೊಡಗಿದ ಐದು ಮನೆಗಳಿವು. ‘ಕಲ್ಲಿನ ಕಸೂತಿ ಸಾರ್’ ಎಂದು ಗೈಡು ಬಾಯಿಪಾಠ ಒಪ್ಪಿಸಿದ. ಹೌದು, ಕಸೂತಿಯೇ. ಆದರೆ ಒಳಗೆ ಹೋಗಿ ಜಾಲಂಧ್ರದ ಪಕ್ಕ ಸ್ವಲ್ಪ ಹೊತ್ತು ಕೂತರೆ ಬೇರೆಯದೇ ತಿಳಿಯುತ್ತದೆ. ಹೊರಗೆ ಉರಿಬಿಸಿಲು, ಆ ಸಣ್ಣ ಕಿಂಡಿಗಳು ಬಿಸಿಲನ್ನು ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುತ್ತವೆ. ಮುಂದಕ್ಕೆ ಚಾಚಿದ ಝರೋಕಾ ತನ್ನ ಕೆಳಗಿನ ಗೋಡೆಗೆ ನೆರಳಾಗುತ್ತದೆ. ಅಲಂಕಾರವೆಂದು ನಾವು ಕರೆಯುವುದು ಅಲ್ಲಿ ಬದುಕುವ ಉಪಾಯ. ಹಾಗೆಂದು ಜಂಬ ಇಲ್ಲವೆಂದಲ್ಲ. ಪಟವಾಗಳ ಮನೆಯಲ್ಲಿ ಕಣ್ಣಿಗೆ ಬಿಡುವೇ ಸಿಗುವುದಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ದಿವಾನ ನಥಮಲನ ಹವೇಲಿ. ಇಬ್ಬರು ಶಿಲ್ಪಿಗಳು, ಅಣ್ಣತಮ್ಮಂದಿರು, ಎಡಬಲಗಳನ್ನು ಹಂಚಿಕೊಂಡು ಕಟ್ಟಿದರು. ಎರಡು ಪಾರ್ಶ್ವಗಳೂ ಒಂದೇ ಎಂದು ಮೊದಲು ತೋರುತ್ತದೆ, ಆಮೇಲೆ ವ್ಯತ್ಯಾಸಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಆ ಕಲ್ಲಿನಲ್ಲಿ ಮನುಷ್ಯರ ಕೈ ಕಾಣುತ್ತದೆ.

ಕೋಟೆಯದು ಬೇರೆಯೇ ಬಗೆ. ರಾವಲ್ ಜೈಸಲ್ 1156ರಲ್ಲಿ ತ್ರಿಕೂಟ ಗುಡ್ಡದ ಮೇಲೆ ಕಟ್ಟಿಸಿದ ಇದಕ್ಕೆ 99 ಬುರುಜುಗಳು. ಗೋಡೆಗೆ ಅಲಂಕಾರದ ಹಂಗಿಲ್ಲ. ಇಂದಿಗೂ ಒಳಗೆ ಸಾವಿರಾರು ಜನ ಸಂಸಾರ ಹೂಡಿದ್ದಾರೆ. ಹಿಂದೆ ಗಡಿಸರ್ ಕೆರೆಯಿಂದ ಹೆಂಗಸರು ಕೊಡ ಹೊತ್ತು ನೀರು ತರುತ್ತಿದ್ದರು. ಹೊತ್ತು ತಂದ ನೀರನ್ನು ಯಾರೂ ಚೆಲ್ಲುವುದಿಲ್ಲ. ಕೋಟೆ ನಿಂತದ್ದು ಆ ಲೆಕ್ಕದ ಮೇಲೆ. ನಲ್ಲಿ ಬಂತು, ಹಿಂದೆಯೇ ಹೋಟೆಲುಗಳು ಬಂದವು. ಬಳಸಿದ ನೀರು ಸೋರಿ ಗುಡ್ಡದ ಜೇಡಿಯೊಳಗೆ ಇಳಿಯಿತು, ಬುನಾದಿ ಸಡಿಲವಾಯಿತು, ಕೆಲವು ಬುರುಜುಗಳು ಕುಸಿದವು. 1996ರಲ್ಲೇ ಇದು ವಿಶ್ವದ ಅಪಾಯದಂಚಿನ ಸ್ಮಾರಕಗಳ ಪಟ್ಟಿ ಸೇರಿತ್ತು. 2013ರಲ್ಲಿ ಯುನೆಸ್ಕೋ ಗೌರವ ಬಂತು. ಗೌರವದೊಂದಿಗೆ ಇನ್ನಷ್ಟು ಪ್ರವಾಸಿಗರೂ ಬಂದರು.

ನಾನು ಇಳಿದುಕೊಂಡದ್ದೂ ಕೋಟೆಯೊಳಗೆಯೇ. ಧೂಳು, ಸೆಕೆ ಎಂದು ದಿನಕ್ಕೆರಡು ಸಲ ಷವರ್ ಕೆಳಗೆ ನಿಂತೆ. ಎರಡನೆಯ ಸಂಜೆ ಗೋಡೆಯ ಹೊರಬದಿಯಲ್ಲಿ ನಡೆಯುವಾಗ, ಹೊಳೆಯುವ ಕಲ್ಲುಗಳ ನಡುವೆ ಕಪ್ಪನೆಯ ಒದ್ದೆ ಪಟ್ಟಿಯೊಂದು ಕೆಳಗಿಳಿದದ್ದು ಕಂಡಿತು. ಜೊತೆಗಿದ್ದವರೆಲ್ಲ ಸೂರ್ಯಾಸ್ತದ ಫೋಟೋ ತೆಗೆಯುತ್ತಿದ್ದರು. ಮರುದಿನ ಬೆಳಿಗ್ಗೆಯೇ ಲೆಕ್ಕ ತೀರಿಸಿ, ಪೆಟ್ಟಿಗೆ ಹೊತ್ತು, ಕೆಳಗಿನ ಪೇಟೆಯಲ್ಲಿ ಒಂದು ಕೋಣೆ ಹಿಡಿದೆ. ಅಲ್ಲಿಂದ ಕೋಟೆ ಪೂರ್ತಿಯಾಗಿ ಕಾಣುತ್ತಿತ್ತು.